ದೇವರ ಕೋಣೆಯ ಸರ್ಫ್‌ಬೋರ್ಡ್

ನಮ್ಮ ಮನೆಯ ದೇವರ ಕೋಣೆಯಲ್ಲಿ ಒಂದು ಸರ್ಫ್‌ಬೋರ್ಡ್ ಇದೆ.

ನಗಬೇಡಿ. ಹೊಸಪೇಟೆಯಿಂದ ಸಮುದ್ರ ಎಷ್ಟು ದೂರ ಎಂಬುದು ನನಗೂ ಗೊತ್ತು. ಮೊದಲ ಸಲ ನೋಡಿದವರು ಅದನ್ನು ಇಸ್ತ್ರಿ ಮಾಡುವ ಹಲಗೆ ಎಂದುಕೊಳ್ಳುತ್ತಾರೆ. (ಇಷ್ಟು ದೊಡ್ಡ ಬಟ್ಟೆ ಯಾರದು ಎಂದು ಒಬ್ಬರು ಕೇಳಿದ್ದೂ ಉಂಟು.)

ಅದು ನಮ್ಮ ಬಸುವಿನದು. ನನ್ನ ಮಗ. ಕಡ್ಡಿರಾಂಪುರದ ಒಂದು ಹೋಮ್‌ಸ್ಟೇಯಲ್ಲಿ ಕೆಲಸಕ್ಕಿದ್ದ. ಹಂಪಿ ನೋಡಲು ಬಂದವರ ಜೊತೆ ಗೋಕರ್ಣಕ್ಕೆ ಹೋಗಿ ಬಂದು ಮಾಡುತ್ತಾ ಅಲೆಯ ಮೇಲೆ ನಿಲ್ಲುವುದನ್ನು ಕಲಿತ. ಒಂದು ದಿನ ಈ ಸೆಕೆಂಡ್ ಹ್ಯಾಂಡ್ ಬೋರ್ಡನ್ನು ಬಸ್ಸಿನ ಟಾಪಿಗೆ ಕಟ್ಟಿಸಿಕೊಂಡು ಬಂದ. ಅವನು ಸಮುದ್ರಕ್ಕೆ ಹೋದಾಗಲೆಲ್ಲ ನಾನು ವಿರೂಪಾಕ್ಷನಿಗೆ ಹರಕೆ ಹೊರುತ್ತಿದ್ದೆ. ಸಮುದ್ರ ಪ್ರತಿ ಸಲವೂ ಅವನನ್ನು ವಾಪಸ್ ಕಳಿಸಿತು. ಹೋದ ವರ್ಷ ಮಳೆಗಾಲ ಮುಗಿಯುವಾಗ ಡೆಂಗಿ ಜ್ವರ ಬಂತು. ಅದು ಕಳಿಸಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಮನೆ ತೊಳೆಯುವುದು ನಮ್ಮಲ್ಲಿ ಪದ್ಧತಿ. ಓಣಿಯ ಹೆಂಗಸರೆಲ್ಲ ಸೇರಿ ತೊಳೆದರು. ಪ್ರೀತಿಯಿಂದಲೇ. ಹಾಸಿಗೆ, ದಿಂಬಿನ ಕವರು, ಮೊಳೆಗೆ ನೇತುಹಾಕಿದ್ದ ಅಂಗಿ, ಕಡೆಗೆ ಬಾಚಣಿಗೆಯನ್ನೂ. ಸಂಜೆ ಹೊತ್ತಿಗೆ ಮನೆಯಲ್ಲಿ ಫಿನೈಲ್ ವಾಸನೆ ಇತ್ತು, ಅವನ ವಾಸನೆ ಇರಲಿಲ್ಲ. ಬೋರ್ಡ್ ಮಾತ್ರ ಉಳಿಯಿತು. ಅದೇನೆಂದು ಯಾರಿಗೂ ತಿಳಿಯದ್ದರಿಂದ ಯಾರೂ ಮುಟ್ಟಲಿಲ್ಲ.

ಆ ಬೋರ್ಡಿನ ಮೇಲೆ ಮೇಣ ಹಚ್ಚಿರುತ್ತಾರೆ. ಕಾಲು ಜಾರಬಾರದೆಂದು. ಬಸು ಅಂಗಳದಲ್ಲಿ ಕುಳಿತು ಸೋಪು ತಿಕ್ಕಿದ ಹಾಗೆ ತಿಕ್ಕುತ್ತಿದ್ದ. ನಿಂತು ನಿಂತು ಆ ಮೇಣದಲ್ಲಿ ಅವನ ಪಾದಗಳು ಒತ್ತಿಕೊಂಡಿದ್ದವು. ಮುಂದೆ ಎಡಗಾಲು, ಹಿಂದೆ ಬಲಗಾಲು. ಎಡಗಾಲಿನ ಹೆಬ್ಬೆರಳು ಹುಟ್ಟಿನಿಂದಲೇ ಸ್ವಲ್ಪ ಹೊರಗೆ ತಿರುಗಿದ್ದು. ಅದೂ ಹಾಗೇ ಮೂಡಿತ್ತು.

ನಮ್ಮೂರ ಬೇಸಿಗೆ ನಿಮಗೆ ಗೊತ್ತೇ ಇದೆ. ಮೇಣ ಉಳಿದೀತೇ? ಅದಕ್ಕೇ ಮನೆಯಲ್ಲಿ ಎಲ್ಲಕ್ಕಿಂತ ತಂಪಾದ ದೇವರ ಕೋಣೆಯಲ್ಲಿ ನಿಲ್ಲಿಸಿ, ಸುತ್ತ ಒದ್ದೆ ಗೋಣಿಚೀಲ ಕಟ್ಟಿದೆ. ಒಣಗಿದಾಗಲೆಲ್ಲ ನೀರು ಚಿಮುಕಿಸಿದೆ. ಯಾರೂ ಇಲ್ಲದಾಗ ಚೀಲದೊಳಗೆ ಕೈ ಹಾಕಿ ಆ ಗುರುತು ಮುಟ್ಟಿ ನೋಡುತ್ತಿದ್ದೆ. “ದೇವ್ರು ಮೂಲಿಗೆ ಸರಿದಾನ, ಹಲಗಿ ನಟ್ಟನಡುವ ನಿಂತೈತಿ” ಎಂದು ನಮ್ಮ ಯಜಮಾನರು ಗೊಣಗಿದರು. ಯಾಕೆ ಇಟ್ಟಿದ್ದೇನೆಂದು ನಾನು ಹೇಳಲಿಲ್ಲ. ಅವರು ಕೇಳಲೂ ಇಲ್ಲ. ಬೇಸಿಗೆ ಕಳೆಯಿತು. ಬೆರಳುಗಳು ಕರಗಲಿಲ್ಲ. ಅದೂ ಶಿವನ ದಯೆಯೇ ತಾನೆ?

ಈ ಆಷಾಢದಲ್ಲಿ ರೂಪಾ ಬಂದಳು. ಕಂಪ್ಲಿಯಲ್ಲಿರುವ ನನ್ನ ತಂಗಿ ನೀಲವ್ವನ ಮಗಳು. ಆಟದ ಟೀಚರ್ ಆಗಲು ಓದುತ್ತಿದ್ದಾಳೆ, ಈಜುವುದರಲ್ಲಿ ಮೀನು. ಮಳೆಗಾಲ ಕಳೆದ ಮೇಲೆ ಕರಾವಳಿಯಲ್ಲಿ ಸರ್ಫಿಂಗ್ ಕ್ಯಾಂಪ್ ಇದೆಯಂತೆ.

“ದೊಡ್ಡವ್ವಾ, ಬಸಣ್ಣನ ಬೋರ್ಡ್ ನಾಕು ದಿನ ಕೊಡ್ತೀ? ಅದರ ಮ್ಯಾಲ ನಿಂದ್ರಾಕ ಬರ್ತೈತೋ ಇಲ್ಲೋ ನೋಡ್ತೀನಿ.”

ಇಲ್ಲ ಎನ್ನಲು ಬಾಯಿ ತೆರೆದೆ. ಆದರೆ ಒಂದು ಆಸೆ ಹುಟ್ಟಿತು. ಅದರ ಮೇಲೆ ಯಾರಾದರೂ ನಿಂತದ್ದನ್ನು ನಾನು ಒಂದು ಸಲವೂ ನೋಡಿರಲಿಲ್ಲ.

ಮರುದಿನ ಬೆಳಕು ಹರಿಯುವ ಮೊದಲೇ ಡ್ಯಾಮಿನ ಹಿನ್ನೀರಿಗೆ ಹೋದೆವು. ಆಷಾಢದ ಗಾಳಿಗೆ ಅಲ್ಲೂ ಅಲೆ ಏಳುತ್ತದೆ, ಮೊಳಕಾಲುದ್ದ. ಕಾವಲಿಗೆ ಇರಲೆಂದು ಮೀನು ಹಿಡಿಯುವ ಹನುಮಪ್ಪನನ್ನು ಹರಿಗೋಲು ತರಲು ಹೇಳಿದ್ದೆ. ಅವನು ಬೋರ್ಡನ್ನು ಮೇಲೆ ಕೆಳಗೆ ನೋಡಿದ.

“ಏನವ್ವಾ, ಯಾರ ಮನಿ ಬಾಗ್ಲಾ ಕಿತ್ಕೊಂಡ್ ಬಂದೀರಿ?”

“ಇದರ ಮ್ಯಾಲ ನಿಂದರ್ತೀನಿ ಕಾಕಾ” ಎಂದಳು ರೂಪಾ.

“ನನ್ ಹರಿಗೋಲ್ನ್ಯಾಗ ಕುಂತ್ರನ ಮಂದಿಗೆ ತಲಿ ತಿರುಗ್ತೈತಿ. ನೀ ನಿಂದ್ರವ್ವ, ಎತ್ತಿ ಹಾಕ್ಕೊಳ್ಳಾಕ ನಾ ಅದೀನಿ.”

ಬಿದ್ದಳು. ಮತ್ತೆ ಬಿದ್ದಳು. ಹನುಮಪ್ಪ ಬಿದ್ದಾಗಲೆಲ್ಲ “ಹೋತು!” ಎಂದು ಕೂಗುತ್ತಿದ್ದ. ಗುಡ್ಡದ ಮೇಲೆ ಬಿಸಿಲು ಇಣುಕುವ ಹೊತ್ತಿಗೆ ಒಂದು ಅಲೆ ಹಿಂದಿನಿಂದ ಬಂತು. ಹುಡುಗಿ ಎದ್ದು ನಿಂತಳು. ಕೈ ಅಗಲಿಸಿ, ಸೊಂಟ ಬಗ್ಗಿಸಿ, ನಿಂತೇ ನಿಂತಳು! ಹನುಮಪ್ಪನ ಬಾಯಿ ಮುಚ್ಚಿತು. ಓಹೋ, ನನ್ನ ಮಗ ಸಮುದ್ರದಲ್ಲಿ ಹೀಗೆ ಕಾಣುತ್ತಿದ್ದನೇ?

ದಡಕ್ಕೆ ಬಂದು ಹೇಳಿದಳು, “ದೊಡ್ಡವ್ವಾ, ಅಲ್ಲಿ ಕಾಲಿಡಾಕ ಕುಣಿ ಅದಾವು. ಅದರಾಗ ಕಾಲು ಇಟ್ಟ ಮ್ಯಾಲೇ ನಿಂತೆ.”

ಕೆಸರಿನ ನಡುವೆಯೂ ಬೆರಳುಗಳು ಹಾಗೇ ಇದ್ದವು. ನೋಡಿಕೊಂಡೆ. ಬೋರ್ಡನ್ನು ಬಾಳೆಕಾಯಿ ಟೆಂಪೋದಲ್ಲಿ ಹಾಕಿ ಅವಳ ಜೊತೆ ಕಂಪ್ಲಿಗೆ ಕಳಿಸಿದೆ. ಇನ್ನೆರಡು ದಿನ ಆಡಿಕೊಳ್ಳಲಿ ಎಂದು.

ವಾರ ಕಳೆದು ಅದನ್ನು ವಾಪಸ್ ತಂದದ್ದು ನೀಲವ್ವ. ಹೊಸ ಟವೆಲ್ ಹೊದಿಸಿ, ಮೇಲೆ ಒಂದು ಚಿಪ್ಪು ಬಾಳೆಹಣ್ಣು, ಬೆಲ್ಲದ ತುಂಡು ಇಟ್ಟು ತಂದಿದ್ದಳು. ಇಸಗೊಂಡ ಸಾಮಾನನ್ನು ಖಾಲಿ ಕೊಡಬಾರದು, ಹೊಲಸು ಕೊಡಬಾರದು. ಅದು ನಮ್ಮಿಬ್ಬರಿಗೂ ನಮ್ಮವ್ವ ಕಲಿಸಿದ್ದು.

“ಯಕ್ಕಾ, ಏನ್ ಜಿಡ್ಡು ಹತ್ತಿತ್ತಂತಿ! ಅಂಟಂಟು, ಮ್ಯಾಲೆ ರಾಡಿ. ಎಲ್ಲಿ ಉಳ್ಳಾಡಿಸ್ಕೊಂಡ್ ಬಂದೀಯೇ ಅಂತ ರೂಪಾಗ ಬೈದೆ. ಆಕಿ ಕಾಲೇಜಿಗೆ ಹೋದ ಮ್ಯಾಲ ಕುದಿಯೋ ನೀರು ಹಾಕಿ, ಸೀಗೆಪುಡಿ ಹಾಕಿ, ತಿಕ್ಕೇ ತಿಕ್ಕಿದೆ. ನೋಡು, ಮುಖ ಕಾಣ್ತೈತಿ ಈಗ.”

ಟವೆಲ್ ತೆಗೆದಳು. ನಿಜ, ಮುಖ ಕಾಣುತ್ತಿತ್ತು. ನನ್ನದು.

ನಿಮಗೆ ಸಿಟ್ಟು ಬರುತ್ತಿತ್ತೇ? ನನಗೆ ಬಂತು. ಅಷ್ಟರಲ್ಲಿ ಅವಳ ಕೈಗಳು ಕಂಡವು. ಬೆರಳ ತುದಿಗಳು ಸುಲಿದು ಕೆಂಪಾಗಿದ್ದವು. ಅಕ್ಕನ ಮಗನ ಸಾಮಾನು ಎಂದು ತಿಕ್ಕಿದ ಕೈ. ಅವಳ ಮನೆಗೆ ಹೀಗೊಂದು ವಸ್ತು ಬಂದಿದ್ದರೆ ನಾನೂ ತಿಕ್ಕುತ್ತಿದ್ದೆ, ಅವಳಿಗಿಂತ ಜೋರಾಗಿ.

“ಕೈ ಎಷ್ಟು ಉರಿತಾವೋ ಏನೋ ನೀಲಾ” ಎಂದೆ. ಕೊಬ್ಬರಿಎಣ್ಣೆ ಹಚ್ಚಿದೆ. ಚಹಾ ಮಾಡಿದೆ. ಅವಳು ತಂದ ಬಾಳೆಹಣ್ಣನ್ನು ಅವಳೆದುರೇ ತಿಂದೆ. ಭಾಳ ಖುಷಿಯಿಂದ ಕಂಪ್ಲಿ ಬಸ್ಸು ಹತ್ತಿದಳು.

ಬೋರ್ಡನ್ನು ಮತ್ತೆ ದೇವರ ಕೋಣೆಯಲ್ಲೇ ನಿಲ್ಲಿಸಿದೆ. ಸಂಜೆ ಯಜಮಾನರು ಪೂಜೆಗೆ ಕುಳಿತರು. ವಿಭೂತಿ ಹಚ್ಚಿಕೊಂಡು, ಕಣ್ಣು ಮುಚ್ಚಿಯೇ ಪಕ್ಕಕ್ಕೆ ಕೈ ಚಾಚಿ ಬೋರ್ಡನ್ನು ಮುಟ್ಟಿದರು. ಸರಿಯಾಗಿ ಎಡಗಾಲಿನ ಜಾಗಕ್ಕೆ. ಹುಡುಕಲೂ ಇಲ್ಲ. ಅವರೂ ದಿನಾ ಅಲ್ಲಿ ಕೈ ಇಡುತ್ತಿದ್ದರೆಂದು ನನಗೆ ಗೊತ್ತಾದದ್ದು ಆಗಲೇ.

ಕೈ ಅಲ್ಲೇ ನಿಂತಿತು. ಕಣ್ಣು ತೆರೆದರು.

“ಯಾರು ತೊಳದ್ರು?”

“ನೀಲಾ.”

ಆ ಜಾಗವನ್ನು ಇನ್ನೊಮ್ಮೆ ಸವರಿ ನೋಡಿದರು. ಆಮೇಲೆ “ಪಾಪ” ಎಂದರು. ಅಷ್ಟೇ. ಅವತ್ತು ಇಬ್ಬರೂ ಊಟ ಮಾಡಲಿಲ್ಲ.

ಇಷ್ಟು ದಿನ ಒಂದೇ ಕೋಣೆಯಲ್ಲಿ, ಒಂದೇ ಗುರುತನ್ನು, ಒಬ್ಬರಿಗೊಬ್ಬರು ತಿಳಿಯದ ಹಾಗೆ ಮುಟ್ಟಿಕೊಂಡು ಬದುಕಿದೆವಲ್ಲ! ನಾವೇ ಒಬ್ಬರಿಗೊಬ್ಬರು ಹೇಳಿಕೊಳ್ಳದಿದ್ದರೆ ಕಂಪ್ಲಿಯಲ್ಲಿರುವವಳಿಗೆ ಹೇಗೆ ಗೊತ್ತಾಗಬೇಕು? ನಿಮ್ಮ ಮನೆಯಲ್ಲೂ ತೊಳೆಯಬಾರದ ವಸ್ತು ಒಂದು ಇದ್ದೀತು. ಇದ್ದರೆ ಈಗಲೇ ಬಾಯಿ ಬಿಟ್ಟು ಹೇಳಿಬಿಡಿ.

ದೇವರು ಪೂರಾ ಕೈ ಬಿಟ್ಟಿಲ್ಲ. ತೊಳೆಯುವ ಮೊದಲು ಆ ಹೆಜ್ಜೆಗಳಲ್ಲಿ ಒಬ್ಬಳು ಕಾಲಿಟ್ಟು ನಿಂತಳು, ಅದನ್ನು ನಾನು ಕಣ್ಣಾರೆ ಕಂಡೆ. ಯಜಮಾನರು ಈಗ ಬಸುವಿನ ಹೆಸರು ತೆಗೆದು ಮಾತಾಡುತ್ತಾರೆ. ತಂಗಿಗೆ ಏನೂ ಗೊತ್ತಾಗಿಲ್ಲ.

ಆದರೆ ನೀಲವ್ವನಿಗೆ ವಾರವಾರವೂ ಪೇಪರಿನಲ್ಲಿ ನನ್ನ ಈ ಅಂಕಣವನ್ನು ಓದಿ ಹೇಳುವವಳು ರೂಪಾ. ನಿನ್ನೆ ಅವಳಿಗೆ ಫೋನ್ ಮಾಡಿ ಹೇಳಿದ್ದೇನೆ: “ಈ ವಾರ ನಂದು ಬ್ಯಾಡವ್ವ, ನಿಮ್ಮವ್ವಗ ರಾಶಿಫಲ ಓದು.”