ಹೆಬ್ಬೆಟ್ಟಿನ ಪದ್ದು

ಗಂಗೊಳ್ಳಿಯ ಹರಿಣಾಕ್ಷಿ ಟೀಚರಿಗೆ ಲೋಕದಲ್ಲಿ ಯಾವುದಕ್ಕೂ ನಾಚಿಕೆ ಇರಲಿಲ್ಲ, ಹೆತ್ತ ತಾಯಿಯ ಹೆಬ್ಬೆರಳೊಂದನ್ನು ಬಿಟ್ಟು. ಕೇಳಿದರೆ ನಗು ಬಂದೀತು. ನಗಬೇಡಿ. ಹನ್ನೆರಡು ವರ್ಷದ ಹುಡುಗಿಯ ಮಾನ ಎಲ್ಲೆಲ್ಲಿ ಸಿಕ್ಕಿಕೊಂಡಿರುತ್ತದೆ ಎಂದು ದೊಡ್ಡವರಿಗೆ ಗೊತ್ತಾಗುವುದಿಲ್ಲ.

1997ರಲ್ಲಿ ಅವಳು ಏಳನೇ ಕ್ಲಾಸು. ಅಂಕಪಟ್ಟಿಗೆ ಮನೆಯವರ ಸಹಿ ಬೇಕಿತ್ತು. ಅಪ್ಪ ಅಣ್ಣಯ್ಯ, ಬಚ್ಚ ಮೊಗವೀರರ ಬೋಟಿನಲ್ಲಿ ಇಂಜಿನ್ ನೋಡಿಕೊಳ್ಳುವವನು, ತಿಂಗಳಿಗೆ ಇಪ್ಪತ್ತು ದಿನ ಸಮುದ್ರದಲ್ಲೇ. ಹಾಗಾಗಿ ತಾಯಿ ಪದ್ದು ಶಾಲೆಗೆ ಬಂದಳು. ಎಲ್ಲರ ಎದುರು ಹೆಬ್ಬೆಟ್ಟು ಒತ್ತಿ, ನೀಲಿ ಬೆರಳನ್ನು ಸೆರಗಿಗೆ ಒರೆಸಿಕೊಂಡು ಹೋದಳು. ಅವತ್ತಿನಿಂದ ಕ್ಲಾಸಿನ ಮಕ್ಕಳು ಹರಿಣಾಕ್ಷಿಗೆ ಇಟ್ಟ ಹೆಸರೇ 'ಹೆಬ್ಬೆಟ್ಟು'.

ಹುಡುಗಿ ಛಲಗಾತಿ. ಸ್ಲೇಟು ಹಿಡಿದು ಅಮ್ಮನಿಗೇ ಪಾಠ ಶುರುಮಾಡಿದಳು. "ಪದ್ದು ಅಂದ್ರೆ ಎರಡೇ ಅಕ್ಷರ ಅಮ್ಮ. ಇಷ್ಟೂ ಬತ್ತಿಲ್ಯಾ ನಿಂಗೆ?" ಎಂದು ಕೈ ಹಿಡಿದು ತಿದ್ದಿಸಿದಳು. ಪದ್ದು ಬರೆದ ಪಕಾರ ಏಡಿಯ ಹಾಗೆ ಅಡ್ಡಡ್ಡ ಹೋಯಿತು. "ನನ್ ತಲಿಗ್ ಹತ್ತುದಿಲ್ಲೆ ಮಗಾ, ಬಿಡ್" ಎಂದು ಎದ್ದು ಮೀನು ಕೊಯ್ಯಲು ಹೋದಳು. ಹರಿಣಾಕ್ಷಿ ಸ್ಲೇಟನ್ನು ಗೋಡೆಗೆ ಎಸೆದಳು. ಮುಂದಿನ ಅಂಕಪಟ್ಟಿಗಳಿಗೆಲ್ಲ ತಾಯಿಯ ಸಹಿಯನ್ನು ಮಗಳೇ ಹಾಕಿಕೊಂಡಳು, ಹತ್ತನೇ ಕ್ಲಾಸಿನವರೆಗೂ.

ತಂದೆತಾಯಿ ರಾಮೇಶ್ವರದ ಕಡೆಯ ತಮಿಳರು, ಮನೆಯವರಿಗೆ ಬೇಡವಾದ ಮದುವೆ ಮಾಡಿಕೊಂಡು ಬಂದವರು, ಆದ್ದರಿಂದ ಆ ಊರಿನ ಕಡೆ ತಲೆ ಹಾಕಿಯೂ ಮಲಗುವುದಿಲ್ಲ. ಇಷ್ಟೇ ಅವಳಿಗೆ ಗೊತ್ತಿದ್ದ ಕತೆ. ಹೆಚ್ಚು ಕೇಳಲೂ ಇಲ್ಲ. ಓದಿದಳು, ಟೀಚರ್ ಟ್ರೇನಿಂಗ್ ಮುಗಿಸಿದಳು, 2007ರಲ್ಲಿ ಸರ್ಕಾರಿ ಶಾಲೆಯ ಕೆಲಸ ಸಿಕ್ಕಿತು. ನಮ್ಮ ಮನೆಯಲ್ಲಿ ಅಕ್ಷರ ಕಂಡವಳು ನಾನೇ ಮೊದಲು ಎಂದು ಸ್ಟಾಫ್ ರೂಮಿನಲ್ಲಿ ಹೇಳಿಕೊಳ್ಳುವಾಗ ಅವಳ ಕುತ್ತಿಗೆ ತುಸು ಉದ್ದವಾಗುತ್ತಿತ್ತು.

2010ರ ಬೇಸಿಗೆಯಲ್ಲಿ ಜನಗಣತಿ ಬಂತು. ಟೀಚರುಗಳ ರಜೆ ನೀರಲ್ಲಿ ಹೋಮ. ಮನೆಮನೆಗೆ ಹೋಗಿ ಬಾಗಿಲ ಮೇಲೆ ನಂಬರು ಬರೆದು, ಜನರ ಹೆಸರು, ಹುಟ್ಟಿದ ಊರು, ಯಾವ ದೇಶದವರು ಎಂಬುದನ್ನೆಲ್ಲ ಫಾರಮಿಗೆ ತುಂಬಿ, ಕೆಳಗೆ ಮನೆಯವರ ಸಹಿಯನ್ನೋ ಹೆಬ್ಬೆಟ್ಟನ್ನೋ ಹಾಕಿಸಬೇಕು. ತರಬೇತಿಯಲ್ಲಿ ಮತ್ತೆ ಮತ್ತೆ ಹೇಳಿದ್ದರು: ಮನೆಯವರು ಹೇಳಿದ್ದನ್ನೇ ಬರೆಯಿರಿ, ದಾಖಲೆ ಕೇಳಬೇಡಿ. ಆದರೆ ನಮ್ಮ ಟೀಚರಿಗೆ ಕೈಯಲ್ಲಿ ಫಾರಮು, ಕೊರಳಲ್ಲಿ ಗುರುತಿನ ಚೀಟಿ. ಕೇಳಬೇಕೆ?

ಬಂದರಿನ ಹಿಂದೆ ಪ್ರೇಮಾನಂದನ ಬಾಡಿಗೆ ರೂಮುಗಳ ಸಾಲು. ಕೊನೆಯ ರೂಮಿನಲ್ಲಿ ಐಸ್ ಪ್ಲಾಂಟಿನಲ್ಲಿ ಗಡ್ಡೆ ಒಡೆಯುವ ಒಬ್ಬ ಗಂಡಸು, ಅವನ ಹೆಂಡತಿ, ಒಂದು ಕೂಸು. ಹೆಂಗಸು ಹರಕು ಹಿಂದಿಯಲ್ಲಿ ಬಂಗಾಳದವರು ಎಂದಳು. ಈಚೆಯ ಬಂಗಾಳವೋ ಆಚೆಯದ್ದೋ ಎಂದು ಹರಿಣಾಕ್ಷಿ ದಬಾಯಿಸಿದಳು. ಕಾಗದಪತ್ರ ತೋರಿಸು ಎಂದಳು. ಹೆಂಗಸು ಕೂಸನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಸರಿದಳು. ಹರಿಣಾಕ್ಷಿ ಹೊರಗೆ ಬಂದವಳೇ ಪ್ರೇಮಾನಂದನಿಗೆ ಹೇಳಿದಳು, "ಇವ್ರದ್ದ್ ಎಂತದೂ ಸಮ ಇಲ್ಲೆ. ನಾಳೆ ನಿಮ್ ತಲೆಗೇ ಬತ್ತ್ ಕಾಣಿ." ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದ ಎಲೆಯ ನೊಣ ತೋರಿಸುವುದು ಎಂದರೆ ಇದೇ. ಪಾಪ, ಹೆಗ್ಗಣದ ಸುದ್ದಿ ಅವಳಿಗಾದರೂ ಎಲ್ಲಿ ಗೊತ್ತಿತ್ತು!

ಭಾನುವಾರ ಮಧ್ಯಾಹ್ನ. ಅಪ್ಪ ಸಮುದ್ರದಲ್ಲಿ. ತಾಯಿ ಮಗಳು ಊಟಕ್ಕೆ ಕೂತಿದ್ದರು. ಬೆಳಿಗ್ಗೆಯೇ ಪ್ರೇಮಾನಂದ ಆ ಬಂಗಾಳದವರಿಂದ ರೂಮು ಖಾಲಿ ಮಾಡಿಸಿದ್ದನ್ನು ಹರಿಣಾಕ್ಷಿ ಹೆಮ್ಮೆಯಿಂದಲೇ ಹೇಳಿದಳು. ಪದ್ದು ಕೈಯಲ್ಲಿದ್ದ ತುತ್ತನ್ನು ಬಟ್ಟಲಿಗೆ ಇಳಿಸಿದಳು.

"ಕೂಸ್ ಎಷ್ಟ್ ದೊಡ್ಡದಿತ್ತ್?"

"ಯಾರ್ ಕೂಸ್? ಆ ಹೆಂಗ್ಸಿಂದಾ? ಆರ್ ತಿಂಗ್ಳದ್ದ್ ಆಯ್ಕ್. ಎಂತಕ್ಕೆ?"

"ನಾವ್ ಬಪ್ಪತಿಗೆ ನೀ ಹೊಟ್ಟೆಯಗೆ ಐದ್ ತಿಂಗ್ಳ್."

"ರಾಮೇಶ್ವರದಿಂದ ಅಲ್ದಾ?"

"ರಾಮೇಶ್ವರದಗೆ ಒಂದ್ ರಾತ್ರಿ ಇದ್ದದ್ದ್ ಅಷ್ಟೆ. ನಮ್ ಊರ್ ಸಮುದ್ರದ್ ಆಚಿಗೆ. ಮನ್ನಾರ್. ಲಂಕೆ." ಪದ್ದು ಎಂಜಲು ಒಣಗುತ್ತಿದ್ದ ಕೈಯನ್ನೇ ನೋಡುತ್ತ ಹೇಳಿದಳು. "ಗಲಾಟೆಯಗೆ ಊರ್ ಸುಟ್ರ್. ನಾ ಪಾಠ ಮಾಡ್ತಿದ್ದ ಶಾಲೆಯೂ ಸುಟ್ಟ್‌ಹೋಯ್ತ್. ನಿರಾಶ್ರಿತರ ಕ್ಯಾಂಪಿಗ್ ಹೋದ್ರೆ ಹೆಸ್ರ್ ಬರ್ಕಂಡ್ ವಾಪಸ್ ಕಳ್ಸ್ತ್ರ್ ಅಂದ್ ಹೆದ್ರಿ ಈ ಬದಿಗೆ ಬಂದ್ವಿ. ರೇಶನ್ ಕಾರ್ಡ್ ಬೋಟಿನ ಬಚ್ಚಣ್ಣ ಮಾಡ್ಸಿಕೊಟ್ಟದ್ದ್. ಅವ್ರಿಗೂ ರಾಮೇಶ್ವರ ಅಂದೇ ಹೇಳಿದ್ದ್. ನಮ್ದೂ ಎಂತದೂ ಸಮ ಇಲ್ಲೆ ಮಗಾ."

"ಪಾಠ ಮಾಡ್ತಿದ್ಯಾ? ನೀನಾ?"

"ಎರಡ್ ವರ್ಷ. ಒಂದನೇ ಕ್ಲಾಸಿಗೆ. ನಿನ್ನ್ ಪುಸ್ತಕ ಕಂಡ್ ಕನ್ನಡವೂ ಓದೂಕ್ ಕಲ್ತೆ. ಆರೆ ಸುಳ್ಳ್ ಕಾಗ್ದಕ್ಕೆ ನನ್ ಕೈಯಾರೆ ಹೆಸ್ರ್ ಬರಿಯೂಕೆ ಮನ್ಸ್ ಬರ್ಲಿಲ್ಲ. ಹೆಬ್ಬೆಟ್ಟಿಗೆ ಹೆಸ್ರಿಲ್ಲೆ ಅಲ್ದಾ. ಒಂದ್ ಕಡೆ ಒತ್ತಿದ್ ಮೇಲೆ ಎಲ್ಲ ಕಡೆಯೂ ಅದೇ ಆಯ್ತ್." ಮತ್ತೆ ಅಂದಳು, "ನೀ ಸ್ಲೇಟ್ ಎಸ್ದ ದಿನ ನಂಗೆ ರಾಶಿ ಬೇಜಾರಾಯ್ತ್. ಮಾಸ್ತರ್ತಿ ಆದವ್ಳ್ ಮಕ್ಕಳ್ ಮೇಲೆ ಹಂಗೆಲ್ಲ ಸ್ಲೇಟ್ ಎಸುಕಾಗ."

ಹರಿಣಾಕ್ಷಿಗೆ ಕೇಳಬೇಕಾದದ್ದು ನೂರಿತ್ತು. ಊರಲ್ಲಿ ಯಾರಿದ್ದರು, ಅಜ್ಜ ಅಜ್ಜಿ ಏನಾದರು, ಐದು ತಿಂಗಳ ಬಸುರಿ ದೋಣಿಯಲ್ಲಿ ಹೇಗೆ ಕೂತಳು. ಅವಳ ಬಾಯಿಂದ ಬಂದದ್ದು ಇದು:

"ನಾ ಹುಟ್ಟಿದ್ದ್ ಎಲ್ಲಿ?"

"ಕುಂದಾಪ್ರ ಆಸ್ಪತ್ರೆಯಗೆ. ಸರ್ಟಿಫಿಕೇಟ್ ಇತ್ತಲೆ."

"ಹಂಗಾರೆ ನನ್ ಕೆಲ್ಸಕ್ಕೆ ಎಂತ ತೊಂದ್ರೆ ಇಲ್ಲೆ" ಎಂದು ಅವಳು ನಿಟ್ಟುಸಿರು ಬಿಟ್ಟಳು. ಬಿಟ್ಟ ಮೇಲೆ ಆಡಿದ ಮಾತು ತನ್ನದೇ ಕಿವಿಗೆ ಬಿತ್ತು. ಪದ್ದು ಬಟ್ಟಲು ತೆಗೆದುಕೊಂಡು ತೊಳೆಯಲು ಎದ್ದಳು. ಬೈದಿದ್ದರೂ ಆಗುತ್ತಿತ್ತು, ಎರಡು ಬಾರಿಸಿದ್ದರೂ ಆಗುತ್ತಿತ್ತು. ಭೂಮಿ ಬಾಯಿಬಿಟ್ಟರೆ ಇಳಿದುಹೋಗುತ್ತಿದ್ದೆ ಎಂದು ಜನ ಹೇಳುತ್ತಾರಲ್ಲ, ಹರಿಣಾಕ್ಷಿಗೆ ಅಷ್ಟಾಗಿತ್ತು.

ಕೈ ತೊಳೆದವಳೇ ಚಪ್ಪಲಿ ಮೆಟ್ಟಿಕೊಂಡು ಬಂದರಿನ ಹಿಂದಕ್ಕೆ ಓಡಿದಳು. ಕೊನೆಯ ರೂಮಿಗೆ ಬೀಗ ಬಿದ್ದಿತ್ತು. ಬಾಗಿಲ ಮೇಲೆ ಅವಳೇ ದುಂಡಗೆ ಬರೆದ ನಂಬರು ಹಾಗೇ ಇತ್ತು.

"ಎಲ್ಲಿಗ್ ಹೋದ್ರ್ ಅವ್ರ್?"

"ಯಾರಿಗ್ ಗೊತ್ತಿತ್ ಟೀಚರೇ. ಶಿರೂರ್ ಬದಿ ಬಸ್ ಹತ್ತಿದ್ರ್ ಕಾಂತ್" ಎಂದ ಪ್ರೇಮಾನಂದ. "ನೀವ್ ಹೇಳಿದ್ದ್ ಒಳ್ಳೇದೇ ಆಯ್ತ್." ಆ ಹೊಗಳಿಕೆಯನ್ನು ಹೊತ್ತುಕೊಂಡು ಅವಳು ಮನೆಗೆ ಬಂದಳು.

ಫಾರಮಿನ ಕಟ್ಟಿನಲ್ಲಿ ಉಳಿದಿದ್ದದ್ದು ತಮ್ಮದೇ ಮನೆ. ಮರುದಿನ ಬೆಳಿಗ್ಗೆ ಮೇಲಿನವರಿಗೆ ಒಪ್ಪಿಸಬೇಕು. ಸಂಜೆ ಜಗಲಿಯಲ್ಲಿ ತಾಯಿಯನ್ನು ಎದುರು ಕೂರಿಸಿಕೊಂಡು ಬರೆಯತೊಡಗಿದಳು. ಹೆಸರು ಬರೆದಳು. ವಯಸ್ಸು ಬರೆದಳು. ಹುಟ್ಟಿದ ಊರಿನ ಕಾಲಮ್ಮಿಗೆ ಬಂದಾಗ ಪೆನ್ನು ನಿಂತಿತು.

"ಮನೆಯವ್ರ್ ಹೇಳಿದ್ದನ್ನೇ ಬರಿಕ್ ಅಂದ್ ನೀನೇ ಅಂದಿದ್ಯಲೆ" ಎಂದಳು ಪದ್ದು. "ಹೇಳಿ ಆಯ್ತ್. ಇನ್ ನಿನ್ ಕೈಯಗೆ."

ಸರಿ ಬರೆದರೆ ನಾಳೆ ಈ ಮನೆಯ ಬಾಗಿಲಿಗೂ ಯಾರಾದರೂ ಬಂದು ದಾಖಲೆ ಕೇಳಿಯಾರು. ಹರಿಣಾಕ್ಷಿ ರಾಮೇಶ್ವರ ಎಂದು ಬರೆದಳು. ಮುಂದಿನ ಕಾಲಮ್ಮಿನಲ್ಲಿ ಭಾರತೀಯ ಎಂದು ಬರೆದಳು. ಅಕ್ಷರ ದುಂಡಗೇ ಬಂದವು. ಪದ್ದು ಅವನ್ನು ಎದುರಿನಿಂದ ತಲೆಕೆಳಗಾಗಿಯೇ ಓದಿದಳು. ಓದುತ್ತಿರುವುದು ಮಗಳಿಗೆ ಇವತ್ತು ಕಾಣಿಸಿತು.

"ಪೆನ್ ಇತ್ಲಾಗ್ ಕೊಡ್. ನಿಂಗೆ ನನ್ ಸೈನ್ ಬೇಕಿತ್ತಲೆ ಅಷ್ಟ್ ವರ್ಷದಿಂದ. ಸುಳ್ಳೋ ನಿಜವೋ, ನಿನ್ ಕಾಗ್ದಕ್ಕೊಂದ್ ಹಾಕ್ತೆ" ಎಂದು ಪದ್ದು ಕೈ ಚಾಚಿದಳು. ಆ ಮುಖದಲ್ಲಿ ಸಣ್ಣ ನಗುವೂ ಇತ್ತು.

ರೇಶನ್ ಕಾರ್ಡಿನ ಅರ್ಜಿ, ಬ್ಯಾಂಕಿನ ಪುಸ್ತಕ, ಓಟಿನ ಪಟ್ಟಿ, ಎಲ್ಲ ಕಡೆ ಇದ್ದದ್ದು ಹೆಬ್ಬೆಟ್ಟು. ಈಗ ಇದೊಂದರಲ್ಲಿ ಸಹಿ ಬಂದರೆ?

"ಬ್ಯಾಡ ಅಮ್ಮ" ಎಂದಳು ಹರಿಣಾಕ್ಷಿ. "ಎಲ್ಲ ಕಡೆ ಹೆಬ್ಬೆಟ್ಟೇ ಇತ್ತ್. ಈಗ ಸೈನ್ ಕಂಡ್ರೆ ಕೇಳ್ತ್ರ್."

ಪೆನ್ನನ್ನು ಚೀಲಕ್ಕೆ ಹಾಕಿ ಮಸಿಯ ಡಬ್ಬಿ ತೆರೆದಳು. ಪದ್ದು ಚಾಚಿದ ಕೈಯನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಬೆರಳುಗಳನ್ನು ಮಡಚಿ ಹೆಬ್ಬೆರಳೊಂದನ್ನು ಬಿಟ್ಟಳು. ಅದನ್ನು ಮಸಿಗೆ ಅದ್ದಿ, ಕಾಗದದ ಮೇಲೆ ಹಿಡಿದು ಒತ್ತಿದವಳು ಮಗಳೇ.