ಅಮೀರ್ ಸಾಬರ ಆದತ್

ನಿವೃತ್ತಿಗೆ ಎರಡು ವರ್ಷ ಬಾಕಿ ಇದ್ದಾಗ ನಾನು ರಾಮನಗರದಲ್ಲಿ ರೇಷ್ಮೆ ವಿಸ್ತರಣಾಧಿಕಾರಿಯಾಗಿದ್ದೆ. ಗೂಡಿನಿಂದ ರೇಷ್ಮೆ ನೂಲು ತೆಗೆಯುವ ಚನ್ನಪಟ್ಟಣದ ಹಿರಿಯ ರೀಲರ್ ಅಮೀರ್ ಸಾಬರು ಒಂದು ದೂರು ಕೊಟ್ಟರು. ಕೈಲಾಂಚದ ಜಯಮ್ಮ ಕೊಟ್ಟ ಹುಳುವಿನ ಗೂಡಿನಿಂದ ನೂಲು ತೆಗೆಯುವಾಗ ಎಳೆ ಪದೇ ಪದೇ ತುಂಡಾಗುತ್ತಿದೆ, ಹುಳುವಿಗೇ ರೋಗವಿರಬೇಕು ಎಂದು.

ಜಯಮ್ಮನದು ಚಾಕಿ ಕೇಂದ್ರ. ಅಂದರೆ ಮರಿಹುಳುಗಳನ್ನು ಮೊದಲ ಕೆಲವು ದಿನ ಸಾಕಿ ರೈತರಿಗೆ ಕೊಡುವ ಜಾಗ. ನನ್ನ ವರದಿಯಲ್ಲಿ ರೋಗವೆಂದು ಬಂದರೆ ಅವರ ಪರವಾನಗಿ ರದ್ದು.

ಹೋಗಿ ನೋಡಿದೆ. ಹುಳುಮನೆ ಕನ್ನಡಿಯಂತಿತ್ತು. "ಹುಳ ಸಾಕೋದು ಬುಟ್ರೆ ನಂಗೆ ಬ್ಯಾರೆ ಕಸುಬು ಗೊತ್ತಿಲ್ಲ ಸಾರ್, ಒಸಿ ನೋಡಿ ಬರೀರಿ" ಎಂದರು ಜಯಮ್ಮ. ಆದರೆ ಈಗಿನ ಹುಳು ಚೆನ್ನಾಗಿದ್ದರೆ ಹಿಂದಿನದೂ ಚೆನ್ನಾಗಿತ್ತೆಂದು ಹೇಳಲಾದೀತೇ? ಆ ಗೂಡೆಲ್ಲ ಸಾಬರ ನೂಲು ತೆಗೆಯುವ ಬಿಸಿನೀರಿನ ಬೇಸಿನ್ನಿನಲ್ಲಿ ಬೆಂದು ಹೋಗಿತ್ತು. ನಾನು ಆತುರದವನು. ಮನೆಗೆ ಬಂದು ಜಯಮ್ಮನ ವಿರುದ್ಧವೇ ವರದಿ ಬರೆದಿಟ್ಟೆ.

ಹೇಳಿಕೆಗೆ ಸಹಿ ಹಾಕಿಸಿಕೊಳ್ಳಲು ಸಾಬರ ಶೆಡ್ಡಿಗೆ ಹೋದಾಗ ಗೋಡೆಯ ಮೇಲೆ ಪುಟ್ಟ ಬಟ್ಟೆಗಂಟುಗಳ ಸಾಲು ಕಂಡಿತು. ಏನೆಂದು ಕೇಳಿದೆ.

"ಏನಿಲ್ಲ ಸಾರ್, ಆದತ್. ಯಾವ ಲಾಟ್ ತಂದ್ರೂ ಒಂದು ಹಿಡಿ ಗೂಡು ತೆಗೆದು, ಹಬೆ ಕೊಟ್ಟು, ಒಣಗಿಸಿ ಇಡ್ತೀವಿ. ನಮ್ಮ ಅಬ್ಬಾ ಕಾಲದಿಂದ."

ಆದತ್ ಅರಬ್ಬಿಯಿಂದ ಉರ್ದುವಿಗೆ ಬಂದ ಮಾತು, ರೂಢಿ ಎಂದರ್ಥ. ಈ ಊರುಗಳ ಬೀದಿಯಲ್ಲಿ ದಿನವೂ ಕಿವಿಗೆ ಬಿದ್ದರೂ ನಾನು ತಲೆ ಕೆಡಿಸಿಕೊಂಡವನಲ್ಲ.

ಜಯಮ್ಮನ ಹುಳುವಿನ ಗೂಡಿದ್ದ ಕೈಲಾಂಚದ ಗಂಟನ್ನು ಸಾಬರೇ ಬಿಚ್ಚಿದರು. ಅರ್ಧ ಗೂಡನ್ನು ಅವರ ಬೇಸಿನ್ನಿಗೆ ಹಾಕಿದೆವು, ಎಳೆ ತುಂಡಾಯಿತು. ಉಳಿದರ್ಧವನ್ನು ಪಕ್ಕದ ಬೀದಿಯ ರೀಲರೊಬ್ಬರ ಬೇಸಿನ್ನಿಗೆ ಹಾಕಿದೆವು, ಎಳೆ ಸರಾಗವಾಗಿ ಬಂತು. ವ್ಯತ್ಯಾಸ ನೀರಿನದು. ಅಲ್ಲಿ ನಲ್ಲಿ ನೀರು. ಸಾಬರು ಹೋದ ತಿಂಗಳು, ಆ ಲಾಟ್ ತಂದ ವಾರವೇ, ಹೊಸ ಬೋರ್‌ವೆಲ್ಲಿನ ಗಡಸು ನೀರಿಗೆ ಬದಲಾಯಿಸಿದ್ದರು. ಅದರಲ್ಲಿ ಗೂಡಿನ ಅಂಟು ಸರಿಯಾಗಿ ಬಿಡುವುದಿಲ್ಲ.

ಸಾಬರು, "ಕಂಪ್ಲೇಂಟ್ ಕೊಟ್ಟೋನು ನಾನು, ತಪ್ಪೂ ನಂದೇ ಅಂತ ಬರೀರಿ ಸಾರ್. ಆ ಅಮ್ಮನ ಮನೆಗೆ ನಡೀರಿ" ಎಂದು ನನ್ನ ಸ್ಕೂಟರ್ ಹತ್ತಿದರು.

ಬಾಗಿಲಲ್ಲೇ ನಿಂತು ಹೇಳಿದರು: "ಅಕ್ಕಾ, ನಿಮ್ಮ ಹುಳ ಒಳ್ಳೇದು. ನಮ್ಮ ನೀರು ಸರಿ ಇರ್ಲಿಲ್ಲ. ಮಾಫ್ ಮಾಡಿ."

ಜಯಮ್ಮ ಕಾಫಿ ತಂದುಕೊಟ್ಟರು. ಗಂಟಿನ ಕಥೆ ಕೇಳಿದ ಮೇಲೆ ಮೆಲ್ಲಗೆ, "ಅಣ್ಣಾ, ಆ ಒಂದು ಹಿಡಿ ಎತ್ತಿಡದೇ ಹೋಗಿದ್ರೆ?" ಎಂದರು.

ಕೇಳಿದ್ದು ಸಾಬರನ್ನು. ಉತ್ತರ ಕೊಡಬೇಕಾದವನು ನಾನು. ನಿಯಮ ಕೇಳಿದಾಗ ಮಾತ್ರ ಸ್ಯಾಂಪಲ್ ತೆಗೆದವನು ನಾನು, ಯಾರೂ ಕೇಳದಿದ್ದರೂ ದಿನವೂ ತೆಗೆದಿಟ್ಟವರು ಸಾಬರು. ನನ್ನ ಕಸುಬನ್ನು ನನಗೆ ಕಲಿಸಿದ್ದು ಆ ಆದತ್. ಆಗಿನ್ನೂ ನನ್ನ ಬ್ಯಾಗಿನಲ್ಲಿ ಜಯಮ್ಮನ ವಿರುದ್ಧದ ವರದಿ ಇತ್ತು. ನನ್ನ ಸಹಿಯೊಂದೇ ಬಾಕಿ.