ಅತ್ತೆಯವರ ಪೀಠಿಕೆ

"ಈ ಸಲ ಹುಣಸೆಹಣ್ಣು ಚೆಂದ ಬಂದೈತಲ್ಲಮ್ಮ," ಅಂದರು ಅತ್ತೆ, ಚಿತ್ರದುರ್ಗದ ನಮ್ಮ ಅಡುಗೆಮನೆಯಲ್ಲಿ ಬೀಜ ಬಿಡಿಸುತ್ತಾ. ನಾನು ಗ್ಯಾಸ್ ಆರಿಸಿ ಕುಳಿತೆ. ಪೀಠಿಕೆ ಶುರುವಾಗಿತ್ತು.

ಅತ್ತೆ ನಿನ್ನೆ ತಮ್ಮೂರು ತಾಳ್ಯದಿಂದ ಬಂದಿದ್ದರು. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸದಿದ್ದರೆ ಇರುವ ನೋಟವೂ ಹೋಗುತ್ತದೆ ಎಂದು ಮಗ ಎಷ್ಟು ಗೋಗರೆದರೂ 'ಒಲ್ಲೆ' ಎಂದಿದ್ದವರು. ಈಗ ನೋಡಿದರೆ ಬೀಜವೆಲ್ಲ ಹಣ್ಣಿನ ಬಟ್ಟಲಿಗೇ ಬೀಳುತ್ತಿದೆ.

ನನಗೆ ಮೊದಲು ಗೊತ್ತಿದ್ದ ಪೀಠಿಕೆ ಕಾನ್ವೆಂಟಿನದು. ಪ್ರಾರ್ಥನೆಗೆ ಮುಂಚೆ ಸಿಸ್ಟರ್ ಪಿಯಾನೋದಲ್ಲಿ ಒಂದಿಷ್ಟು ನುಡಿಸುತ್ತಿದ್ದರು. ಪ್ರಿಲ್ಯೂಡ್ ಎಂದು ಅದರ ಹೆಸರು. ನಾವು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮುಗಿಯುತ್ತಿತ್ತು. ತಾಳ್ಯದಲ್ಲಿ ಹಾಗಲ್ಲ ನೋಡಿ. ಅಲ್ಲಿ ಹಾಡಿಗಿಂತ ಪೀಠಿಕೆ ಉದ್ದ, ಒಮ್ಮೊಮ್ಮೆ ಹಾಡೇ ಇರುವುದಿಲ್ಲ.

ಆಗ ನಾನಿನ್ನೂ ಹೊಸ ಸೊಸೆ, ತಾಳ್ಯದ ಮನೆಯಲ್ಲಿದ್ದೆ. ನಾದಿನಿ ಗಿರಿಜಳನ್ನು ನೋಡಲು ಹೊರಕೆರೆದೇವಪುರದವರು ಬಂದಿದ್ದರು. ಹುಡುಗನ ಸೋದರಮಾವನ ಮಾತು ಮಳೆಯಿಂದ ಹೊರಟು, ಕುರಿ ಮಂದೆಯನ್ನು ಹಾದು, ಬಾವಿಯ ಹತ್ತಿರ ಬಂದು ನಿಂತಿತು. ಬಾಗಿಲ ಹಿಂದಿದ್ದ ಗಿರಿಜ ನನ್ನ ರಟ್ಟೆ ಚಿವುಟಿ, "ಅತ್ತಿಗೆ, ಇವ್ರು ನೋಡಾಕೆ ಬಂದಿರೋದು ನನ್ನನ್ನೋ, ಕುರಿನೋ?" ಅಂದಳು.

"ಹುಡುಗಿ ಒಪ್ಪಿಗೆನಾ ಅಂತ ನೇರವಾಗಿ ಕೇಳಿಬಿಡಿ ಅತ್ತೆ," ಎಂದು ಪಿಸುಗುಟ್ಟಿದೆ.

"ಸುಮ್ನಿರಮ್ಮ. ಕೇಳಿದ್ಮೇಲೆ ಇಲ್ಲ ಅಂದ್ರೆ ಇಬ್ರಿಗೂ ಮುಖ ಸಣ್ಣದಾಗ್ತೈತೆ. ಕೇಳೋಕೆ ಮುಂಚೆ ಎದ್ದು ಹೋಗಾಕೆ ಒಂದು ಬಾಗ್ಲು ತೆರೆದಿರಬೇಕು."

ಅಷ್ಟರಲ್ಲಿ ಹೊರಗಿನಿಂದ ಸೋದರಮಾವನ ದನಿ: "ನಮ್ಮ ಬಾವಿ ನೀರು ಭಾಳ ಸಿಹಿ ಐತೆ. ನಿಮ್ಮೋರೂ ಒಂದ್ಸಲ ಬಂದು ಕುಡಿದು ನೋಡ್ರಿ."

"ಒಪ್ಪಿಗೆ ಆತು, ಪಾಯಸಕ್ಕಿಡಮ್ಮ," ಅಂದರು ಅತ್ತೆ.

"ಯಾರು ಏನಂದ್ರು?" ಅಂದೆ ನಾನು, ಪೆದ್ದಿ. ಗಿರಿಜ ಆಗಲೇ ಗೋಡಂಬಿ ಡಬ್ಬಿ ಹುಡುಕುತ್ತಿದ್ದಳು.

ಈಗ ಅತ್ತೆಯ ಪೀಠಿಕೆ ಹುಣಸೆಹಣ್ಣು ದಾಟಿ ಊರಿನ ಎದುರುಮನೆಗೆ ಹೊಕ್ಕಿತ್ತು. "ಶಾಂತಮ್ಮ ಈಗ ಸೂಜಿಗೆ ತಾನೇ ದಾರ ಪೋಣಿಸ್ತಾಳೆ. ಏನೂ ನೋವಾಗ್ಲಿಲ್ವಂತೆ."

ಹಾಗಾದರೆ ಆಸ್ಪತ್ರೆಗೆ ಯಾವಾಗ ಹೋಗೋಣ ಅತ್ತೆ, ಎಂಬ ಮಾತು ನಾಲಿಗೆಯ ತುದಿಗೆ ಬಂದೇಬಿಟ್ಟಿತ್ತು. ಕಾನ್ವೆಂಟಿನ ನಾಲಿಗೆ! ನುಂಗಿಕೊಂಡೆ.

"ನಮ್ಮ ಹಿಂದಿನ ಕೋಣೆ ಈ ಸಲ ತುಂಬ ತಂಪಾಗಿದೆ ಅತ್ತೆ," ಅಂದೆ. "ಬಿಸಿಲು ಕಣ್ಣಿಗೆ ಹೊಡೆಯೋದಿಲ್ಲ."

ಅತ್ತೆಯ ಕೈ ನಿಂತಿತು. ಬಟ್ಟಲಲ್ಲಿದ್ದ ಒಂದು ಬೀಜವನ್ನು ತಡವಿ ತೆಗೆದು ಪಕ್ಕಕ್ಕಿಟ್ಟರು.

"ಹಂಗಾದ್ರೆ ನಾಕು ಸೀರೆ ಜಾಸ್ತಿ ಇಟ್ಕಂಡು ಬಂದಿದ್ದು ಒಳ್ಳೇದೇ ಆತು ಬಿಡು," ಅಂದರು.

ನಾನೆದ್ದು ಪಾಯಸಕ್ಕಿಟ್ಟೆ.